ಮನೆಯ ಮಾಳಿಗೆಯ ಮೇಲಣ ಆಂಟೆನಾ

2020ರ ಜುಲೈ ತಿಂಗಳಿನಲ್ಲಿ ಶಾಲೆಗಳೆಲ್ಲ ಮುಚ್ಚಿದ್ದ ಕಾಲಕ್ಕೆ ರಾಜ್ಯದ ಶಿಕ್ಷಣ ಇಲಾಖೆಯು ‘ಸಂವೇದ’ ಎಂಬ ಹೆಸರಿನಲ್ಲಿ ಪ್ರೌಢಶಾಲೆಯ ಪಾಠಗಳನ್ನು ಚಂದನ ವಾಹಿನಿಯ ಮೂಲಕ ಪ್ರಸಾರ ಮಾಡತೊಡಗಿತು. ನಮ್ಮ ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಎರಡು ವಾರವಾದರೂ ಒಂದು ಪಾಠವನ್ನೂ ಪೂರ್ತಿಯಾಗಿ ನೋಡಿರಲಿಲ್ಲವೆಂದು ತಿಳಿದು ನಾನು ಅವಳ ಊರಿಗೆ ಹೋದೆನು. ಮನೆಯಲ್ಲಿ ಟಿ.ವಿ. ಇತ್ತು, ಮಾಸಿಕ ಶುಲ್ಕವಿಲ್ಲದ ಡಿಡಿ ಫ್ರೀ ಡಿಶ್‌ನ ಪೆಟ್ಟಿಗೆಯೂ ಇತ್ತು. ಡಿಶ್ ಮಾತ್ರ ಮಾಳಿಗೆಯ ಮೇಲೆ, ಇಪ್ಪತ್ತು ಅಡಿ ಎತ್ತರದ ಕಬ್ಬಿಣದ ಪೈಪಿನ ತುದಿಯಲ್ಲಿ ತೂಗಾಡುತ್ತಿತ್ತು. ಆಷಾಢ ಕಳೆದು ಶ್ರಾವಣ ಹಿಡಿದಿದ್ದರೂ ಗಾಳಿ ಇನ್ನೂ ಅಡಗಿರಲಿಲ್ಲ. ಗಾಳಿ ಬೀಸಿದಾಗಲೆಲ್ಲ ಚಿತ್ರ ಚೂರುಚೂರಾಗಿ ನಿಂತುಬಿಡುತ್ತಿತ್ತು. “ಎತ್ತರಕ್ಕ ಇದ್ದಷ್ಟು ಚಲೋ ಹಿಡಿತೈತಿ ಅಲ್ಲೇನ್ರೀ ಸರ?” ಎಂದು ಅವಳ ತಂದೆಯವರು ಕೇಳಿದರು.

ಆ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಅವರ ಅನುಭವ ಹಳೆಯ ಆಂಟೆನಾದ್ದು. 1977ರಲ್ಲಿ ಗುಲಬರ್ಗಾದಿಂದಲೂ 1981ರ ನವೆಂಬರ್ 1ರಿಂದ ಬೆಂಗಳೂರಿನಿಂದಲೂ ದೂರದರ್ಶನದ ಪ್ರಸಾರ ಆರಂಭವಾದ ಬಳಿಕ ನಮ್ಮ ಮಾಳಿಗೆಗಳ ಮೇಲೆ ಮೀನಿನ ಎಲುಬಿನ ಆಕಾರದ ಅಲ್ಯೂಮಿನಿಯಂ ಆಂಟೆನಾಗಳು ಎದ್ದುನಿಂತುದನ್ನು ಹಿರಿಯರೆಲ್ಲರೂ ಬಲ್ಲರು. ಜಪಾನಿನ ವಿಜ್ಞಾನಿಗಳಾದ ಶಿಂತಾರೊ ಉಡಾ ಮತ್ತು ಹಿದೆತ್ಸುಗು ಯಾಗಿ ಎಂಬವರು 1926ರಲ್ಲಿ ಲೋಕಕ್ಕೆ ತಿಳಿಸಿಕೊಟ್ಟ ರಚನೆ ಅದು. ನೆಲದ ಮೇಲಿನ ಗೋಪುರದಿಂದ ಹೊರಡುವ ದೂರದರ್ಶನದ ತರಂಗಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ, ಭೂಮಿಯಾದರೋ ಬಾಗಿದೆ. ಆದುದರಿಂದ ನೂರು ಮೀಟರ್ ಎತ್ತರದ ಗೋಪುರದ ತರಂಗ ನೆಲಮಟ್ಟಕ್ಕೆ ಸುಮಾರು ನಲವತ್ತು ಕಿಲೋಮೀಟರ್ ದೂರದವರೆಗೆ ನೇರವಾಗಿ ತಲುಪಿದರೆ, ಹತ್ತು ಮೀಟರ್ ಕಂಬದ ಮೇಲಿನ ಆಂಟೆನಾ ಇನ್ನೂ ಹದಿಮೂರು ಕಿಲೋಮೀಟರ್ ಆಚೆಯಿಂದ ಅದನ್ನು ಹಿಡಿಯಬಲ್ಲುದು. ಅಂದು ಎತ್ತರವೇ ಸರ್ವಸ್ವವಾಗಿದ್ದುದು ಇದರಿಂದಲೇ. ಒಬ್ಬರು ಮೇಲೆ ಹತ್ತಿ ಕಂಬ ತಿರುಗಿಸುವುದು, ಕೆಳಗಿನವರು “ಬಂತು, ಬಂತು... ಹೋಯ್ತು” ಎಂದು ಕೂಗುವುದು ಭಾನುವಾರದ ಒಂದು ವಿಧಿಯೇ ಆಗಿದ್ದಿತು.

ಆ ಗೋಪುರಗಳ ಪ್ರಸಾರವನ್ನು ದೂರದರ್ಶನವು ಹಂತಹಂತವಾಗಿ ನಿಲ್ಲಿಸಿ, 2022ರ ವೇಳೆಗೆ ಆಯಕಟ್ಟಿನ ಕೆಲವು ನೆಲೆಗಳನ್ನುಳಿದು ಮುಗಿಸಿಬಿಟ್ಟಿತು. ಹಳ್ಳಿಯ ಮನೆಗೆ ಇಂದು ಉಚಿತವಾಗಿ ದೊರೆಯುವುದು ಉಪಗ್ರಹದ ಪ್ರಸಾರ. 2004ರ ಡಿಸೆಂಬರಿನಲ್ಲಿ ಆರಂಭವಾದ ಈ ಸೇವೆ ಈಗ 2015ರ ನವೆಂಬರಿನಲ್ಲಿ ಹಾರಿಬಿಟ್ಟ ಜಿಸ್ಯಾಟ್-15 ಉಪಗ್ರಹದಿಂದ ಬರುತ್ತಿದೆ. ಅದು ಭೂಮಧ್ಯರೇಖೆಯ ಮೇಲೆ, ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಂತೆ ತೋರುತ್ತದೆ. ಮೂವತ್ತಾರು ಸಾವಿರ ಕಿಲೋಮೀಟರ್ ದಾರಿಯಲ್ಲಿ ನಮ್ಮ ಇಪ್ಪತ್ತು ಅಡಿಯ ಪೈಪು ಯಾವ ಲೆಕ್ಕ? ಹಳೆಯ ಆಂಟೆನಾ ಎತ್ತರವನ್ನು ಬೇಡುತ್ತಿತ್ತು. ಈ ಡಿಶ್ ಬೇಡುವುದು ದಿಕ್ಕನ್ನೂ ಅಲುಗಾಡದ ಆಸರೆಯನ್ನೂ.

ಉಪಗ್ರಹದ ಚಿತ್ರ ನಮ್ಮ ಸೀಮೆಗೆ ಹೊಸತಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಎಟಿಎಸ್-6 ಎಂಬ ಅಮೆರಿಕದ ಉಪಗ್ರಹದಿಂದ ನೇರವಾಗಿ ಕಾರ್ಯಕ್ರಮಗಳನ್ನು ಪಡೆದವು. ನಮ್ಮ ರಾಜ್ಯದಲ್ಲಿ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. ಬೆಳಗಿನ ಪ್ರಸಾರ ಶಾಲೆಯ ಮಕ್ಕಳಿಗೇ ಮೀಸಲು. ಅಂದಿನ ಆಂಟೆನಾ ಹತ್ತು ಅಡಿ ಅಗಲದ್ದು, ಕೋಳಿಗೂಡಿಗೆ ಹಾಕುವ ತಂತಿಯ ಬಲೆಯಿಂದ ಕಟ್ಟಿದ್ದು! ಬಲೆಯ ಕಂಡಿಗಳಿಂದ ತರಂಗ ಸೋರಿಹೋಗದೆ? ಹೋಗದು. ಆ ತರಂಗದ ಉದ್ದ ಸುಮಾರು 35 ಸೆಂಟಿಮೀಟರ್. ಅದಕ್ಕಿಂತ ಬಹಳ ಚಿಕ್ಕದಾದ ಕಂಡಿಗಳುಳ್ಳ ಬಲೆ ಅದರ ಪಾಲಿಗೆ ಗಟ್ಟಿ ಗೋಡೆಯೇ ಸರಿ. ಇಂದಿನ ತರಂಗದ ಉದ್ದ ಮೂರು ಸೆಂಟಿಮೀಟರಿಗಿಂತ ಕಡಿಮೆ. ಆದುದರಿಂದ ಇಂದು ಎರಡಡಿಯ ಡಿಶ್ ಸಾಕು. ಆದರೆ ಅದು ನುಣುಪಾದ ಗಟ್ಟಿ ತಗಡಿನದಾಗಿರಬೇಕು. ಬಿದ್ದು ನೆಗ್ಗಿದ ಡಿಶ್ಶನ್ನು ಅಗ್ಗಕ್ಕೆ ಕೊಡುತ್ತಾರೆಂದು ಕೊಳ್ಳಬಾರದು.

ಇನ್ನು ದಿಕ್ಕಿನ ವಿಚಾರ. ಕರ್ನಾಟಕದಲ್ಲಿ ಎಲ್ಲಿ ನಿಂತರೂ ಈ ಉಪಗ್ರಹ ಆಗ್ನೇಯಕ್ಕೆ, ದಿಗಂತದಿಂದ 61ರಿಂದ 66 ಡಿಗ್ರಿ ಮೇಲಕ್ಕೆ ಇದೆ. ಉತ್ತರ ಕರ್ನಾಟಕದ ಬಹುಭಾಗಕ್ಕೆ 62-63 ಡಿಗ್ರಿ ಎಂದಿಟ್ಟುಕೊಳ್ಳಬಹುದು. ನೋಟ ಇಷ್ಟು ಮೇಲ್ಮುಖವಾಗಿರುವುದರಿಂದ, ಡಿಶ್‌ನಿಂದ ಹತ್ತು ಅಡಿ ದೂರದಲ್ಲಿರುವ ಗೋಡೆ ಅದಕ್ಕಿಂತ ಸುಮಾರು ಇಪ್ಪತ್ತು ಅಡಿ ಮೇಲಕ್ಕೆದ್ದರೆ ಮಾತ್ರ ಅಡ್ಡಿ. ಆದರೆ ಮಾಳಿಗೆಯ ಮೇಲೆ ಚಾಚಿದ ಬೇವಿನ ಕೊಂಬೆ ಅಡ್ಡಿಯೇ. ಎಲೆಗಳು ನೆನೆದಾಗಲಂತೂ ಹೇಳತೀರದು.

ಸ್ಥಳ ಸರಿಯೇ ಎಂದು ನೋಡಲು ಯಾವ ಉಪಕರಣವೂ ಇಲ್ಲದ ಒಂದು ಉಪಾಯವಿದೆ. ಶಿಕ್ಷಕ ಮಿತ್ರರು ಇದನ್ನು ಮಕ್ಕಳಿಂದ ಮಾಡಿಸಬೇಕೆಂದು ನನ್ನ ಆಸೆ. ಮಾರ್ಚ್ ತಿಂಗಳ ಮಧ್ಯದಲ್ಲಿ ಹಾಗೂ ಸೆಪ್ಟೆಂಬರಿನ ಕೊನೆಯಲ್ಲಿ ಕೆಲವು ದಿನ, ಬೆಳಗಿನ ಹನ್ನೊಂದು ಗಂಟೆಯ ಸುಮಾರಿಗೆ, ಸೂರ್ಯನು ನಮ್ಮ ಕಣ್ಣಿಗೆ ಈ ಉಪಗ್ರಹದ ಹಿಂದೆಯೇ ಹಾದುಹೋಗುತ್ತಾನೆ. ಆ ಹೊತ್ತಿಗೆ ಡಿಶ್ ಇಡಬೇಕೆಂದಿರುವ ಜಾಗದ ಮೇಲೆ ಬಿಸಿಲು ಬಿದ್ದರೆ ದಾರಿ ನಿರಾತಂಕ. ನೆರಳಿದ್ದರೆ ಬೇರೆ ಜಾಗ ಹುಡುಕಬೇಕು. ಅದೇ ದಿನಗಳಲ್ಲಿ ಕೆಲವು ನಿಮಿಷ ಚಿತ್ರ ಮಾಯವಾಗುವುದೂ ಉಂಟು. ಅದು ಸೂರ್ಯನ ಪ್ರಭಾವವೇ ಹೊರತು ಡಿಶ್‌ನ ದೋಷವಲ್ಲ. ಗಾಬರಿಯಿಂದ ಡಿಶ್ಶನ್ನು ತಿರುಗಿಸಿ ಕೆಡಿಸಿಕೊಂಡವರನ್ನು ನಾನು ಕಂಡಿದ್ದೇನೆ.

ಡಿಶ್‌ನ ಮುಖ ನೋಡಿದರೆ ಅದು ಅಷ್ಟು ಮೇಲಕ್ಕೆ ನೋಡುವಂತೆ ಕಾಣುವುದಿಲ್ಲ. ಇದು ಅನೇಕರನ್ನು ದಾರಿ ತಪ್ಪಿಸುತ್ತದೆ. ಮನೆಗಳ ಡಿಶ್‌ಗಳಲ್ಲಿ ಎಲ್‌ಎನ್‌ಬಿ ಎಂಬ ಗ್ರಾಹಕ ನಡುವಿಗೆ ನೇರವಾಗಿರದೆ ಕೆಳಗಿನ ತೋಳಿನ ತುದಿಯಲ್ಲಿರುತ್ತದೆ; ಆದುದರಿಂದ ಡಿಶ್ ತನ್ನ ಮುಖಕ್ಕಿಂತ ಸುಮಾರು 25 ಡಿಗ್ರಿ ಮೇಲಿನಿಂದ ಬರುವ ತರಂಗವನ್ನು ಹಿಡಿಯುತ್ತದೆ. ಬೆನ್ನಿನ ಅಳತೆಪಟ್ಟಿ ಇದ್ದರೆ ಅದನ್ನೇ ನಂಬಬೇಕು, ಕಣ್ಣಂದಾಜನ್ನಲ್ಲ. ಪಟ್ಟಿಯ ಲೆಕ್ಕ ನಿಜವಾಗಬೇಕಾದರೆ ಕಂಬ ತೂಕದ ಗುಂಡಿಗೆ ಸರಿಯಾಗಿ ನೆಟ್ಟಗಿರಬೇಕು. ದಿಕ್ಸೂಚಿಯನ್ನು ಕಬ್ಬಿಣದ ಕಂಬದಿಂದ ನಾಲ್ಕು ಹೆಜ್ಜೆ ದೂರ ಹಿಡಿದು ನೋಡಬೇಕು.

ಎರಡಡಿಯ ಡಿಶ್‌ನ ನೋಟದ ಅಗಲ ಸುಮಾರು ಮೂರು ಡಿಗ್ರಿ ಮಾತ್ರ. ಪಕ್ಕದಲ್ಲೇ ಬೇರೆ ಉಪಗ್ರಹಗಳಿವೆ. ಪರದೆಯಲ್ಲಿ ಕಾಣುವ ಎರಡು ಪಟ್ಟಿಗಳ ಪೈಕಿ ‘ಸ್ಟ್ರೆಂಗ್ತ್’ ಎಂಬುದು ಎಲ್‌ಎನ್‌ಬಿಗೆ ವಿದ್ಯುತ್ ಹೋದೊಡನೆಯೇ ಏರುತ್ತದೆ. ಅದನ್ನು ಕಂಡು ಹಿಗ್ಗಬಾರದು. ‘ಕ್ವಾಲಿಟಿ’ ಏರಿದಾಗಲೇ ನಮ್ಮ ಉಪಗ್ರಹ ಸಿಕ್ಕಿತೆಂದು ಅರ್ಥ. ಡಿಶ್ಶನ್ನು ಕೂದಲೆಳೆಯಷ್ಟು ಸರಿಸಿ, ಮೂರು ನಾಲ್ಕು ಕ್ಷಣ ಕಾಯ್ದು, ಮತ್ತೆ ಸರಿಸಬೇಕು. ಕೊನೆಗೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲಿಯೇ ನಿಧಾನವಾಗಿ ಹೊರಳಿಸಿ, ಕ್ವಾಲಿಟಿ ಅತಿ ಹೆಚ್ಚಾದಲ್ಲಿ ಬಿಗಿಯಬೇಕು. ನಮ್ಮ ಭಾಗದಲ್ಲಿ ಈ ಹೊರಳು ಸಣ್ಣದಲ್ಲ. ಇದನ್ನು ಬಿಟ್ಟುಬಿಡುವವರೇ ಹೆಚ್ಚು.

ಆ ವಿದ್ಯಾರ್ಥಿನಿಯ ಮನೆಯಲ್ಲಿ ನಾವು ಮಾಡಿದ್ದು ಇಷ್ಟೇ. ಡಿಶ್ಶನ್ನು ಪೈಪಿನಿಂದ ಇಳಿಸಿ, ಮಾಳಿಗೆಯ ಕೈಪಿಡಿ ಗೋಡೆಗೆ ಮೊಳದುದ್ದದ ಕಂಬ ಹಾಕಿ ನಾಲ್ಕು ಬೋಲ್ಟುಗಳಿಂದ ಬಿಗಿದೆವು. ಅಂಗಡಿಯವರೊಬ್ಬರು ದೊಡ್ಡ ಡಿಶ್ ಕೊಳ್ಳಲು ಹೇಳಿದ್ದರಂತೆ. ಅದರ ಅಗತ್ಯ ಬೀಳಲಿಲ್ಲ. ಮರುದಿನದ ಗಣಿತದ ಪಾಠವನ್ನು ಅವಳೂ ನೆರೆಮನೆಯ ಇಬ್ಬರು ಹುಡುಗರೂ ಪೂರ್ತಿ ನೋಡಿದರೆಂದು ಸಂಜೆ ದೂರವಾಣಿಯಲ್ಲಿ ತಿಳಿಸಿದರು. ಅದಕ್ಕೆ ಮೊದಲಿನ ಎರಡು ವಾರದ ಪಾಠಗಳು ಹೋದವು, ಹೋದವೇ. ಬಡ ಮಕ್ಕಳಿಗೆ ಟಿ.ವಿ. ಕೊಡಿಸಲು ಮುಂದಾಗುವ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಡಿಶ್ ಕೂರಿಸಬಲ್ಲ ಒಬ್ಬ ಕೈಗಾರನನ್ನೂ ಜೊತೆಗೆ ಕಳುಹಿಸಿದರೆ ಆ ದಾನ ಮನೆ ಮುಟ್ಟುತ್ತದೆ.

ದೊಡ್ಡ ಡಿಶ್ ವ್ಯರ್ಥವೆಂದಲ್ಲ. ಜಡಿಮಳೆಯ ಹನಿಗಳು ಈ ಗಿಡ್ಡ ತರಂಗವನ್ನು ಹೀರುತ್ತವೆ. 60 ಸೆಂಟಿಮೀಟರಿಗೆ ಬದಲು 90 ಸೆಂಟಿಮೀಟರಿನ ಡಿಶ್ ಎರಡೂಕಾಲು ಪಟ್ಟು ಹೆಚ್ಚು ಹಿಡಿಯುವುದರಿಂದ ಮಲೆನಾಡು, ಕರಾವಳಿಗಳಲ್ಲಿ ಅದು ಉಪಯುಕ್ತ. ಆದರೆ ಅದಕ್ಕೆ ಗಾಳಿಯ ಹೊಡೆತವೂ ಹೆಚ್ಚು, ದಿಕ್ಕಿನ ನಿಖರತೆಯೂ ಹೆಚ್ಚು ಬೇಕು. ಪೆಟ್ಟಿಗೆ ಕೊಳ್ಳುವಾಗ ಎಂಪೆಗ್-4 ಬಗೆಯದನ್ನೇ ಕೇಳಿ. ಹಳೆಯ ಎಂಪೆಗ್-2 ಪೆಟ್ಟಿಗೆ ಕೆಲವು ವಾಹಿನಿಗಳನ್ನು ತೋರಿಸದು.

ತಂತಿ ಜೋಡಿಸುವಾಗ ಪೆಟ್ಟಿಗೆಯ ವಿದ್ಯುತ್ತನ್ನು ನಿಲ್ಲಿಸಿರಬೇಕು. ಅದೇ ತಂತಿಯಲ್ಲಿ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಹರಿಯುತ್ತಿರುತ್ತದೆ. ನಡುವಿನ ತಾಮ್ರಕ್ಕೆ ಹೊರಜಾಲರಿಯ ಒಂದು ಎಳೆಯೂ ತಗಲಬಾರದು. ತಂತಿ ಮನೆಯೊಳಗೆ ಹೋಗುವಲ್ಲಿ ಒಂದು ಸುತ್ತು ಕೆಳಕ್ಕೆ ಜೋಲುಬಿಟ್ಟರೆ ಮಳೆನೀರು ಅಲ್ಲಿಯೇ ತೊಟ್ಟಿಕ್ಕಿಹೋಗುತ್ತದೆ. ಕಂಬವನ್ನು ದಪ್ಪ ತಾಮ್ರದ ತಂತಿಯಿಂದ ಭೂಮಿಗೆ ಜೋಡಿಸಬೇಕು. ಗುಡುಗು-ಮಿಂಚು ಆರಂಭವಾಗುವ ಮೊದಲೇ ಡಿಶ್‌ನ ತಂತಿಯನ್ನೂ ವಿದ್ಯುತ್ತಿನ ಪ್ಲಗ್ಗನ್ನೂ ಎರಡನ್ನೂ ಕಿತ್ತಿಡಬೇಕು. ದಿಕ್ಸೂಚಿ ಬೇಕಾದವರು ನಮ್ಮ ಶಾಲೆಯ ಪ್ರಯೋಗಾಲಯದಿಂದ ಒಂದು ದಿನದ ಮಟ್ಟಿಗೆ ಬರೆದುಕೊಟ್ಟು ಒಯ್ಯಬಹುದು.