ಲಾಭ ಬೇಡದವರ ಲೆಕ್ಕ

ಹೋದ ವರ್ಷದ ಏಪ್ರಿಲ್. ಶಾಲೆಗೆ ಬೇಸಿಗೆ ರಜೆ. ಪ್ರಯೋಗಾಲಯದ ಸಾಮಾನುಗಳ ಪಟ್ಟಿ ಮಾಡುತ್ತ ಕುಳಿತಿದ್ದೆ. ಬಾಗಿಲಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಿಂತಿದ್ದ. ಬೆಂಗಳೂರಿನಲ್ಲಿ ಎಂ.ಬಿ.ಎ. ಮೊದಲ ವರ್ಷ ಮುಗಿಸಿದವನು.

‘ಎರಡು ತಿಂಗಳು ಊರಲ್ಲೇ ಇರ್ತೀನಿ ಸರ್. ನಿಮ್ಮ ವ್ಯಾನಿನ ಟ್ರಸ್ಟ್‌ನಲ್ಲಿ ಇಂಟರ್ನ್‌ಶಿಪ್’ ಎಂದ.

‘ಏನಪ್ಪಾ, ಲಾಭದ ಲೆಕ್ಕ ಕಲಿಯೋಕೆ ಹೋದವನು ಲಾಭವೇ ಇಲ್ಲದ ಕಡೆ ಬಂದೆಯಲ್ಲ!’ ಎಂದು ನಕ್ಕೆ.

‘ನಿಮ್ಮ ವ್ಯಾನು’ ಎಂದರೆ ನನ್ನದೇನಲ್ಲ. ನಮ್ಮ ಮಲೆನಾಡಿನ ತಾಲ್ಲೂಕಿನಲ್ಲಿ ನಿವೃತ್ತ ಮೇಷ್ಟರುಗಳು ಕೆಲವರು ಸೇರಿ ನಡೆಸುತ್ತಿರುವ ಸಣ್ಣ ಟ್ರಸ್ಟ್ ಅದು. ಸೂಕ್ಷ್ಮದರ್ಶಕ, ಅಯಸ್ಕಾಂತ, ಪಟ್ಟಕ, ಮಸೂರಗಳನ್ನು ವ್ಯಾನಿನಲ್ಲಿ ತುಂಬಿಕೊಂಡು ಪ್ರಯೋಗಾಲಯವಿಲ್ಲದ ಶಾಲೆಗಳಿಗೆ ಹೋಗುತ್ತಾರೆ. ಬಿಡುವಾದಾಗ ನಾನೂ ಜೊತೆಗಿರುತ್ತೇನೆ.

ಲಾಭವಿಲ್ಲವೆಂದರೆ ಲೆಕ್ಕವಿಲ್ಲವೇ?

ಎಂ.ಬಿ.ಎ. ಎರಡು ವರ್ಷದ ಓದು. ನಡುವಿನ ಬೇಸಿಗೆಯಲ್ಲಿ ಎಲ್ಲಾದರೂ ಕೆಲಸ ಮಾಡಿ ವರದಿ ಬರೆಯಬೇಕು. ಹೆಚ್ಚಿನವರು ಕಂಪನಿಗಳಿಗೆ ಹೋಗುತ್ತಾರೆ. ಕೆಲವರು ಸೇವಾಸಂಸ್ಥೆಗಳಿಗೆ ಸಲಹೆಗಾರರಾಗಿ ಬರುತ್ತಾರೆ.

ಸೇವಾಸಂಸ್ಥೆಯಲ್ಲಿ ಹಣ ಉಳಿಯಲೇಬಾರದು ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಉಳಿಯಬಹುದು, ಉಳಿದದ್ದನ್ನು ನಡೆಸುವವರು ಹಂಚಿಕೊಳ್ಳಬಾರದು, ಅಷ್ಟೇ. ಮಧುರೆಯ ಅರವಿಂದ ಕಣ್ಣಿನ ಆಸ್ಪತ್ರೆಯನ್ನೇ ನೋಡಿ. 1976ರಲ್ಲಿ ಡಾ. ಜಿ. ವೆಂಕಟಸ್ವಾಮಿಯವರು 11 ಹಾಸಿಗೆಗಳಿಂದ ಆರಂಭಿಸಿದ್ದು. ಹಣ ಕೊಡಬಲ್ಲವರ ಶುಲ್ಕದಿಂದ ಕೊಡಲಾರದವರ ಕಣ್ಣಿಗೂ ಚಿಕಿತ್ಸೆ ಸಿಗುವಂತೆ ಅಲ್ಲಿ ಲೆಕ್ಕ ಕೂಡಿಸಿದರು. 1993ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಆ ಆಸ್ಪತ್ರೆಯನ್ನೇ ಪಾಠವಾಗಿಸಿತು. ದಯೆಗೂ ಲೆಕ್ಕಕ್ಕೂ ವೈರವಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

2013ರ ಕಂಪನಿ ಕಾಯ್ದೆ ಬಂದ ಮೇಲಂತೂ ಲೆಕ್ಕದ ಒತ್ತಡ ಹೆಚ್ಚಿದೆ. ನಿಗದಿತ ಮಟ್ಟದ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ವ್ಯಯಿಸಬೇಕೆಂಬ ನಿಯಮ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಕೊಡುವವರು ‘ಒಂದು ಮಗುವಿಗೆ ಎಷ್ಟು ಖರ್ಚು?’ ಎಂದು ಕೇಳುವುದು ಸಹಜ. ನಮ್ಮ ಮೇಷ್ಟರುಗಳ ಬಳಿ ಉತ್ತರವಿರಲಿಲ್ಲ.

ವರದಿ ಸಿದ್ಧವಾಯಿತು

ಹುಡುಗ ಚುರುಕು. ಕೈಬರಹದ ಖರ್ಚಿನ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದ. ಒಂದೇ ದಿಕ್ಕಿನ ಶಾಲೆಗಳಿಗೆ ಬೇರೆ ಬೇರೆ ದಿನ ಹೋಗಿ ಡೀಸೆಲ್ ಸುಡುತ್ತಿದ್ದುದನ್ನು ತೋರಿಸಿದ. ‘ವ್ಯಾನಿಗೆ ವಯಸ್ಸಾಗುತ್ತೆ ಸರ್. ಹೊಸದು ಕೊಳ್ಳೋಕೆ ಪ್ರತಿ ತಿಂಗಳೂ ಇಷ್ಟು ಅಂತ ತೆಗೆದಿಡಬೇಡವೇ?’ ಎಂದ. ಸವಕಳಿಯ ಮಾತು ಅದುವರೆಗೆ ಯಾರಿಗೂ ಹೊಳೆದಿರಲಿಲ್ಲ.

ಮೂರನೆಯ ಸಲಹೆ ಮಾತ್ರ ಎಲ್ಲರನ್ನೂ ಸುಮ್ಮನಾಗಿಸಿತು. ಗುಡ್ಡದಾಚೆಯ ಸಣ್ಣ ಶಾಲೆಗಳನ್ನು ಕೈಬಿಡಬೇಕು! ಲೆಕ್ಕ ಸುಲಭವಾಗಲೆಂದು ಹೀಗೆ ಇಟ್ಟುಕೊಳ್ಳೋಣ: ವ್ಯಾನಿನ ದಿನದ ಖರ್ಚು 3,000 ರೂಪಾಯಿ. ಪೇಟೆಯ ಶಾಲೆಯಲ್ಲಿ 120 ಮಕ್ಕಳು. ತಲೆಗೆ 25 ರೂಪಾಯಿ. ಗುಡ್ಡದ ಶಾಲೆಯಲ್ಲಿ 15 ಮಕ್ಕಳು; ತಲೆಗೆ 200 ರೂಪಾಯಿ. ಎಂಟು ಪಟ್ಟು! ಭಾಗಾಕಾರದಲ್ಲಿ ತಪ್ಪಿಲ್ಲ. ಹಿರಿಯ ಮೇಷ್ಟರೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು, ಏನೂ ಹೇಳಲಿಲ್ಲ.

ನನಗೆ ಹೊಳೆದದ್ದು ಒಂದೇ. ಈ ಹುಡುಗ ಬಂದದ್ದು ರಜೆಯಲ್ಲಿ. ವ್ಯಾನು ಶೆಡ್ಡಿನಲ್ಲಿತ್ತು, ಮಕ್ಕಳು ಮನೆಯಲ್ಲಿದ್ದರು. ಅವನು ಪುಸ್ತಕ ನೋಡಿದ್ದ, ಪಾಠ ನೋಡಿರಲಿಲ್ಲ. ‘ಶಾಲೆ ತೆರೆಯುವವರೆಗೆ ಇರಪ್ಪಾ. ಆಮೇಲೆ ಸಹಿ ಹಾಕು’ ಎಂದೆ.

ಈರುಳ್ಳಿಯ ಸಿಪ್ಪೆ

ಜೂನ್ ಮೊದಲ ವಾರ. ಮಳೆ ಹಿಡಿದಿತ್ತು. ಮೊದಲ ದಿನ ಪೇಟೆಯ ಶಾಲೆ. ಇರುವುದೊಂದೇ ಸೂಕ್ಷ್ಮದರ್ಶಕ, ಮುಂದೆ ಉದ್ದದ ಸಾಲು. ‘ನೋಡಿದೆಯಾ? ಸರಿ, ಮುಂದೆ ಹೋಗು’ ಎನ್ನುವುದೇ ನಮ್ಮ ಕೆಲಸವಾಯಿತು.

ಮರುದಿನ ಗುಡ್ಡದ ಶಾಲೆ. ಒಬ್ಬಳು ಹುಡುಗಿ ಈರುಳ್ಳಿಯ ತೆಳುಪೊರೆಯನ್ನು ತಾನೇ ಬಿಡಿಸಿ ಗಾಜಿನ ಪಟ್ಟಿಯ ಮೇಲಿಟ್ಟಳು. ಕಣ್ಣಿಟ್ಟವಳು ಎದ್ದೇಳಲೇ ಇಲ್ಲ. ಕೊನೆಗೆ, ‘ಸರ್, ಇಟ್ಟಿಗೆ ಗೋಡೆ ಇದ್ದಂಗಿದೆ. ಕಟ್ಟಿದ್ದು ಯಾರು?’ ಎಂದಳು. ಜೀವಕೋಶದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆಯನ್ನು ನಾನು ಇಷ್ಟು ವರ್ಷಗಳಲ್ಲಿ ಕೊಟ್ಟಿಲ್ಲ.

ವಾಪಸು ಬರುವಾಗ ವ್ಯಾನಿನಲ್ಲಿ ಹುಡುಗ ಕಾಗದ ತೆಗೆದ. ಪ್ರಯೋಗದ ಅವಧಿ 3 ಗಂಟೆ, ಅಂದರೆ 180 ನಿಮಿಷ. ಪೇಟೆಯ 120 ಮಕ್ಕಳಲ್ಲಿ ಒಬ್ಬೊಬ್ಬರಿಗೆ ಸೂಕ್ಷ್ಮದರ್ಶಕ ಸಿಗುವುದು ಒಂದೂವರೆ ನಿಮಿಷ. ಗುಡ್ಡದ 15 ಮಕ್ಕಳಿಗೆ ತಲಾ 12 ನಿಮಿಷ. 25 ರೂಪಾಯಿಯನ್ನು ಒಂದೂವರೆಯಿಂದ ಭಾಗಿಸಿ, 200 ರೂಪಾಯಿಯನ್ನು 12ರಿಂದ ಭಾಗಿಸಿ. ಎರಡೂ ಕಡೆ ನಿಮಿಷಕ್ಕೆ 16 ರೂಪಾಯಿ 67 ಪೈಸೆ!

‘ಭಾಜ್ಯ ಸರಿಯಿತ್ತು ಸರ್, ಭಾಜಕ ತಪ್ಪಿತ್ತು’ ಎಂದ.

ಕಲಿಕೆಯನ್ನು ನಿಮಿಷದಲ್ಲಿ ಅಳೆಯಬಹುದೆಂದು ನಾನೂ ಹೇಳಲಾರೆ. ಆದರೆ ತಲೆ ಎಣಿಸುವುದಕ್ಕಿಂತ ಅದು ಕಲಿಕೆಗೆ ಹತ್ತಿರ. ತಕ್ಕಡಿ ಒಳ್ಳೆಯ ಉಪಕರಣವೇ. ಅದರಲ್ಲಿ ಜ್ವರ ಅಳೆಯಲು ಹೋದರೆ ತಪ್ಪು ತಕ್ಕಡಿಯದಲ್ಲ.

ವರದಿ ತಿದ್ದುಪಡಿಯಾಯಿತು. ವ್ಯಾನಿನ ದಾರಿ ಬದಲಾಯಿತು, ಸವಕಳಿಗೆ ಬೇರೆ ಖಾತೆ ತೆರೆಯಲಾಯಿತು. ಗುಡ್ಡದ ಶಾಲೆಗಳು ಪಟ್ಟಿಯಲ್ಲೇ ಉಳಿದವು. ಪೇಟೆಯ ಶಾಲೆಗೆ ಇನ್ನೂ ಎರಡು ಸೂಕ್ಷ್ಮದರ್ಶಕ ಬೇಕೆಂಬ ಹೊಸ ಸಲಹೆಯೂ ಸೇರಿತು. ಹುಡುಗ ಬೆಂಗಳೂರಿಗೆ ಮರಳಿದ. ಮೇಷ್ಟರುಗಳು ಈಗ ಖರ್ಚಿನ ಪುಸ್ತಕದಲ್ಲಿ ಹೊಸದೊಂದು ಕಾಲಂ ಎಳೆದಿದ್ದಾರೆ: ‘ಮಕ್ಕಳು ಕೇಳಿದ ಪ್ರಶ್ನೆ’. ಅದರ ಮೊದಲ ಸಾಲಿನಲ್ಲಿರುವುದು ಆ ಇಟ್ಟಿಗೆ ಗೋಡೆಯ ಪ್ರಶ್ನೆ.