ಆಲಿಕಲ್ಲಿನಿಂದ ಒಡೆದ ಸೂರು: ದುರಸ್ತಿಯ ವೆಚ್ಚವೂ ವಿಮೆಯ ಹಣವೂ

ಕಡೂರು, ತರೀಕೆರೆ ಮತ್ತು ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರ, ಈ ಸೀಮೆಯ ಒಕ್ಕಲುಮಕ್ಕಳಿಗೆ ಮುಂಗಾರಿಗೆ ಮುಂಚಿನ ಮಳೆಯು ಬೇಕಾದದ್ದೂ ಹೌದು, ಭಯಪಡತಕ್ಕದ್ದೂ ಹೌದು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ನೆಲವು ಕಾದು, ಗುಡುಗಿನ ಮೋಡಗಳು ಬಹಳ ಎತ್ತರಕ್ಕೆ ಬೆಳೆದಾಗ, ಅವುಗಳೊಳಗೆ ಮೇಲಕ್ಕೇರುವ ಗಾಳಿಯು ನೀರಿನ ಹನಿಗಳನ್ನು ಶೀತವಾದ ಪ್ರದೇಶಕ್ಕೆ ಒಯ್ದು ಹೆಪ್ಪುಗಟ್ಟಿಸುತ್ತದೆ. ಗಾಳಿಯು ಹೊರಲಾರದಷ್ಟು ಭಾರವಾದೊಡನೆ ಅವು ಆಲಿಕಲ್ಲುಗಳಾಗಿ ಬೀಳುವುವು. ಊರಿನ ಒಂದು ಮಗ್ಗುಲನ್ನು ಬಡಿದು ಮತ್ತೊಂದನ್ನು ಬಿಟ್ಟುಹೋಗುವುದು ಈ ಮಳೆಯ ಸ್ವಭಾವ. ಈರುಳ್ಳಿಗೂ ಅಡಕೆಗೂ ಆದ ನಷ್ಟವನ್ನು ಎಲ್ಲರೂ ಎಣಿಸುವರು. ಮನೆಯ ಸೂರಿನ ನಷ್ಟವನ್ನು ಎಣಿಸುವವರು ಕಡಮೆ. ಆದರೆ ವರ್ಷದ ರಾಗಿ, ಒಣಗಿಸಿಟ್ಟ ಅಡಕೆ, ಕೊಬ್ಬರಿ, ಇವೆಲ್ಲವೂ ಆ ಸೂರಿನ ಕೆಳಗೇ ಇರುವುವು. ಮಾರನೆಯ ಸಂಜೆಯ ಮಳೆಯು ಅವನ್ನು ನೆನೆಸಿತೆಂದರೆ ಹೆಂಚಿನ ಬೆಲೆಯು ಅದರ ಮುಂದೆ ಏನೂ ಅಲ್ಲ.

ದುರಸ್ತಿಯ ಲೆಕ್ಕವನ್ನು ನೆಲದ ಅಳತೆಯಿಂದ ಹಿಡಿಯುವುದು ತಪ್ಪು. 20 ಅಡಿ ಅಗಲ, 30 ಅಡಿ ಉದ್ದದ ಮನೆಯ ನೆಲವು 600 ಚದರಡಿಯಾದರೂ, ಮಾಡು 30 ಡಿಗ್ರಿ ಇಳಿಜಾರಾಗಿದ್ದರೆ ಹೊದಿಸತಕ್ಕ ಜಾಗವು ಸುಮಾರು 690 ಚದರಡಿ. ಸೂರಿನ ಹೊರಚಾಚು ಬೇರೆ. ಮಂಗಳೂರು ಹೆಂಚು 100 ಚದರಡಿಗೆ ಸುಮಾರು 150 ಬೇಕಾಗುವುದರಿಂದ ಇಡೀ ಮಾಡಿಗೆ 1,000ಕ್ಕೂ ಮೇಲ್ಪಟ್ಟು ಹೆಂಚು ಹಿಡಿಯುತ್ತದೆ. ಇದರಲ್ಲಿ ಮೂರನೆಯ ಒಂದು ಪಾಲು, ಅಂದರೆ 350 ಹೆಂಚು ಒಡೆದಿದ್ದು, ಒಂದಕ್ಕೆ 30 ರೂಪಾಯಿ ಎಂದಿಟ್ಟುಕೊಂಡರೆ, ಹೆಂಚಿಗೇ 10,500 ರೂಪಾಯಿ. ಗಾಡಿಯಲ್ಲಿ ತರುವಾಗ ಒಡೆಯುವ ಹೆಂಚು, ಸಾಗಾಣಿಕೆ, ಮುರಿದ ರೀಪುಗಳು, ಬಡಗಿಯ ಕೂಲಿ, ನೆತ್ತಿಯ ಹೆಂಚುಗಳಿಗೆ ಗಾರೆ, ಇವು ಇದರ ಮೇಲೆ. ಬಿರುಕು ಮಾತ್ರ ಬಿಟ್ಟ ಹೆಂಚು ಕೆಳಗಿನಿಂದ ಕಾಣಿಸದು. ಅನುಮಾನವಾದ ಹೆಂಚನ್ನು ತೆಗೆದು ಬೆರಳಿನಿಂದ ತಟ್ಟಿ ನೋಡತಕ್ಕದ್ದು; ಒಳ್ಳೆಯದು ಕಂಚಿನಂತೆ ನಾದಗೊಡುವುದು, ಬಿರಿದದ್ದು ಮಂಕಾಗಿ ಸದ್ದು ಮಾಡುವುದು. ಸಿಮೆಂಟು ಷೀಟಾದರೆ ತೂತಿಗೆ ತೇಪೆ ಹಾಕುವುದಕ್ಕಿಂತ ಇಡೀ ಷೀಟನ್ನು ಬದಲಾಯಿಸುವುದೇ ಲೇಸು. ಅದರ ಮೇಲೆ ಕಾಲಿಟ್ಟು ನಡೆಯಲಾಗದು. ಆಸ್ಬೆಸ್ಟಾಸಿನದಾದರೆ ಗರಗಸ ಹಾಕಿ ಧೂಳೆಬ್ಬಿಸಲೂ ಆಗದು.

ಈ ವೆಚ್ಚವನ್ನು ಸರ್ಕಾರವು ತುಂಬಿಕೊಡುವುದೆಂಬ ಭಾವನೆಯು ಹಲವರಲ್ಲಿದೆ. ಆಲಿಕಲ್ಲು ಮಳೆಯು ವಿಪತ್ತುಗಳ ಪಟ್ಟಿಯಲ್ಲಿ ಸೇರಿರುವುದು ನಿಜ. ಆದರೆ 2022ರಿಂದ 2026ರವರೆಗಿನ ಅವಧಿಗೆ ಕೇಂದ್ರವು ಗೊತ್ತುಮಾಡಿದ ದರದಲ್ಲಿ, ಕನಿಷ್ಠ ಶೇಕಡ 15ರಷ್ಟು ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ರೂಪಾಯಿ, ಮನೆಗೆ ಸೇರಿದ ಕೊಟ್ಟಿಗೆಗೆ 3,000 ರೂಪಾಯಿ ಮಾತ್ರ. ಮೇಲಿನ ಲೆಕ್ಕದೊಡನೆ ಇದನ್ನು ಹೋಲಿಸಿದರೆ, ಇದು ಸಹಾಯವೇ ಹೊರತು ನಷ್ಟಭರ್ತಿಯಲ್ಲವೆಂಬುದು ಸ್ಪಷ್ಟವಾಗುತ್ತದೆ. ಆದರೂ ಬಿಡತಕ್ಕದ್ದಲ್ಲ, ಗ್ರಾಮ ಆಡಳಿತಾಧಿಕಾರಿಗೆ ಕೂಡಲೆ ತಿಳಿಸಿ ಮಹಜರು ಬರೆಯಿಸಿದರೆ, ಅದೇ ಕಾಗದವು ವಿಮೆಯ ಕಂಪೆನಿಯ ಮುಂದೆಯೂ ಸಾಕ್ಷಿಯಾಗುವುದು.

ಬೆಳೆ ವಿಮೆಯು ಸೂರಿಗೆ ಸಲ್ಲುವುದಿಲ್ಲ. 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಹೊಲದ ಪೈರಿಗೆ ಆಲಿಕಲ್ಲಿನಿಂದ ಹಾನಿಯಾದರೆ 72 ಗಂಟೆಗಳೊಳಗೆ ತಿಳಿಸಬೇಕು; ಕೊಯ್ದು ಹೊಲದಲ್ಲಿ ಹರವಿದ ಫಸಲಿಗೂ 14 ದಿನಗಳವರೆಗೆ ರಕ್ಷಣೆಯುಂಟು. ಅದು ಮನೆಯೊಳಕ್ಕೆ ಬಂದ ಮೇಲೆ ಆ ರಕ್ಷಣೆಯು ಮುಗಿಯಿತು. ಒಕ್ಕಲಿನ ನಷ್ಟಕ್ಕೆ ವಿಮೆಯೆಂಬ ವಿಚಾರವೇನೋ ಈ ನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನದ ಜೆ. ಎಸ್. ಚಕ್ರವರ್ತಿಯವರು ಮಳೆಯ ಅಭಾವಕ್ಕೆ ವಿಮೆಯ ಯೋಜನೆಯೊಂದನ್ನು ರೂಪಿಸಿ 1920ರಲ್ಲಿ ಗ್ರಂಥವಾಗಿ ಪ್ರಕಟಿಸಿದ್ದರು. ಹೊಲಕ್ಕೆ ಆಗಲೇ ದೊರೆತ ಆಲೋಚನೆಯು ಹೊಲದವನ ಮನೆಗೆ ದೊರೆತದ್ದು ಬಹಳ ತಡವಾಗಿ.

ಸೂರಿಗೆ ಬೇಕಾದದ್ದು ಮನೆಯ ವಿಮೆ. 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮೆಯ ಕಂಪೆನಿಗಳು ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿಯನ್ನು ಕೊಡುತ್ತ ಬಂದಿವೆ. ಬೆಂಕಿ, ಬಿರುಗಾಳಿ, ನೆರೆ ಮುಂತಾದುವು ಇದರಲ್ಲಿ ಸೇರಿವೆ; ಆಲಿಕಲ್ಲಿನ ಹೊಡೆತವನ್ನೂ ಸೇರಿಸಿಕೊಳ್ಳುವರೇ ಎಂಬುದನ್ನು ಹಣ ಕಟ್ಟುವ ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳುವುದು ಜಾಣತನ. ಕಾಲಕ್ರಮದಲ್ಲಿ ಸವೆದು ಸೋರುವ ಮಾಡಿಗೆ ಹಣ ಬಾರದು. ಮನೆಯ ಸಾಮಾನುಗಳಿಗೆ ರಕ್ಷಣೆಯಿದ್ದ ಮಾತ್ರಕ್ಕೆ, ಮಾರಾಟಕ್ಕೆಂದು ಕೂಡಿಟ್ಟ ಅಡಕೆ ಕೊಬ್ಬರಿಗಳು ಅದರಲ್ಲಿ ಸೇರಿದುವೆಂದು ಭಾವಿಸಲಾಗದು, ಇದನ್ನೂ ಕೇಳತಕ್ಕದ್ದೇ. ಮನೆಗೆ ಬ್ಯಾಂಕಿನ ಸಾಲವಿದ್ದರೆ ಪಾಲಿಸಿಯೊಂದು ಆಗಲೇ ಇರಬಹುದು, ವಿಚಾರಿಸಿ ನೋಡಬೇಕು.

ಹಾನಿಯಾದೊಡನೆ ಬರುವ ಕಷ್ಟವೇನೆಂದರೆ, ಪರಿಶೀಲಕನು ಬಂದು ನೋಡುವುದಕ್ಕೆ ಮುಂಚೆ ದುರಸ್ತಿ ಮಾಡಿದರೆ ಸಾಕ್ಷಿ ಹೋಗುವುದು, ಮಾಡದಿದ್ದರೆ ಧಾನ್ಯ ಹೋಗುವುದು. ಧಾನ್ಯವನ್ನು ಉಳಿಸಿಕೊಳ್ಳುವುದೇ ಮೊದಲು. ನಷ್ಟವು ಬೆಳೆಯದಂತೆ ತಕ್ಕ ಎಚ್ಚರಿಕೆ ವಹಿಸುವುದು ಪಾಲಿಸಿದಾರನ ಕರ್ತವ್ಯವೂ ಹೌದು. ಆದುದರಿಂದ ಮಾಡನ್ನು ಒಳಗಿನಿಂದಲೂ ಹೊರಗಿನಿಂದಲೂ ಚಿತ್ರ ತೆಗೆದು, ಕಂಪೆನಿಗೆ ಅಂದೇ ತಿಳಿಸಿ, ಟಾರ್ಪಾಲು ಹೊದಿಸಿಬಿಡತಕ್ಕದ್ದು. ಒಡೆದ ಹೆಂಚುಗಳನ್ನು ತಿಪ್ಪೆಗೆ ಎಸೆಯದೆ ಒಂದೆಡೆ ರಾಶಿ ಹಾಕಿಡಬೇಕು. ಟಾರ್ಪಾಲಿನ ರಸೀತಿ, ಹೆಂಚಿನ ಅಂಗಡಿಯ ರಸೀತಿ, ಬಡಗಿಯು ಸಹಿ ಮಾಡಿದ ಅಂದಾಜುಪಟ್ಟಿ, ಇವನ್ನು ಮಹಜರಿನ ಪ್ರತಿಯೊಡನೆ ಜೋಡಿಸಬೇಕು.

ಕಂಪೆನಿಯು ಹಣವನ್ನು ನಿರಾಕರಿಸಿದರೆ ಅಥವಾ ಕಡಿತ ಮಾಡಿದರೆ ಮೊದಲು ಅಲ್ಲಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಇಲ್ಲವೆ ಬಂದ ಉತ್ತರವು ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಿಕೊಳ್ಳಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರ ಅವಶ್ಯಕತೆಯೂ ಇಲ್ಲ.