ಹುಟ್ಟುಹಬ್ಬ: ವರ್ಷ ಕೂಡಿತೋ, ಕಳೆಯಿತೋ?

ಕಳೆದ ಜೂನ್ 1ರಂದು ಆಂಡರ್ಸನ್‌ಪೇಟೆಯ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿಯೊಬ್ಬ ಸಿಹಿಯ ಪೊಟ್ಟಣ ಹಿಡಿದು ಬಂದ. "ಸಾರ್, ಇವತ್ತು ನನ್ನ ಹುಟ್ಟುಹಬ್ಬ. ಈ ದಿನ ಕೊಟ್ಟವರೇ ನೀವು" ಎಂದು ನಗುತ್ತ ಕಾಲಿಗೆರಗಿದ. ಹರಸಿದೆನಾದರೂ ನನಗೆ ನಗು ಬರಲಿಲ್ಲ.

ನಾನು ಶಿಕ್ಷಕ ವೃತ್ತಿಗೆ ಸೇರಿದ ಕಾಲದಲ್ಲಿ, ಚಿನ್ನದ ಗಣಿಯ ಕಾಲೋನಿಗಳಿಂದ ಮಕ್ಕಳನ್ನು ಕರೆತರುತ್ತಿದ್ದ ಅನೇಕ ತಾಯಂದಿರಿಗೆ ಹುಟ್ಟಿದ ತಾರೀಖು ತಿಳಿದಿರುತ್ತಿರಲಿಲ್ಲ. ದಾಖಲಾತಿ ಪುಸ್ತಕದಲ್ಲಿ ಆ ಅಂಕಣವನ್ನು ಖಾಲಿ ಬಿಡುವಂತಿರಲಿಲ್ಲ. ಮಗುವಿನ ಎತ್ತರ ನೋಡಿ ವರ್ಷವನ್ನು ಅಂದಾಜು ಮಾಡಿ ಜೂನ್ 1 ಎಂದು ಬರೆದುಬಿಡುವುದು ನಾಡಿನ ಎಷ್ಟೋ ಶಾಲೆಗಳಲ್ಲಿ ರೂಢಿಯಾಗಿತ್ತು. ಸತ್ಯಾಣುವ್ರತವನ್ನು ಅರಿತ ಶ್ರಾವಕನಾಗಿಯೂ ನಾನು ಹಾಗೆಯೇ ಬರೆದೆ. ಈ ವಿದ್ಯಾರ್ಥಿಯ ತಾಯಿ ಅಂದು ಹೇಳಿದ ಮಾತು ಮಾತ್ರ ಪುಸ್ತಕಕ್ಕೆ ಸೇರಲಿಲ್ಲ: "ಪೊಂಗಲ್ ಕಳೆದಿತ್ತು ಸಾರ್. ಇವರಪ್ಪ ರಾತ್ರಿ ಪಾಳಿಯಲ್ಲಿ ಗಣಿಯೊಳಗಿದ್ದರು. ಒಳಗೆ ಬಂಡೆ ಸಿಡಿದು ನೆಲ ನಡುಗಿತು. ಅವರು ಜೀವಂತ ಮೇಲೆ ಬಂದ ಬೆಳಿಗ್ಗೆ ಇವನು ಹುಟ್ಟಿದ."

ಆಕೆಗೆ ತಾರೀಖು ಗೊತ್ತಿರಲಿಲ್ಲ, ದಿನ ಗೊತ್ತಿತ್ತು. ನನಗೆ ತಾರೀಖು ಬೇಕಿತ್ತು, ದಿನ ಬೇಕಿರಲಿಲ್ಲ. ಹುಟ್ಟುಹಬ್ಬದ ಅರ್ಥವೇನೆಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ವ್ಯತ್ಯಾಸ.

ಲೋಕದ ರೂಢಿಯಲ್ಲಿ ಹುಟ್ಟುಹಬ್ಬವೆಂದರೆ ಕೃತಜ್ಞತೆ. ಈ ವ್ಯಕ್ತಿ ನಮ್ಮ ನಡುವೆ ಇದ್ದಾನೆ ಎಂಬ ಸಂತೋಷ. ನಮ್ಮ ಮನೆಗಳಲ್ಲಿ ಜನ್ಮನಕ್ಷತ್ರದ ದಿನ ಎಣ್ಣೆನೀರು ಹಾಕಿ, ಆರತಿ ಎತ್ತಿ, ಬಸದಿಗೆ ಕರೆದೊಯ್ದು ಹಾಲಿನ ಅಭಿಷೇಕ ಮಾಡಿಸುವ ಪದ್ಧತಿಯಿದೆ. ಕೇಕು, ಮೇಣದಬತ್ತಿಗಳು ಈಚಿನವು. ಸಂತೋಷಪಡುವುದನ್ನು ಧರ್ಮ ಬೇಡವೆನ್ನುವುದಿಲ್ಲ. ಆದರೆ ಸಂತೋಷಕ್ಕೆ ಕಾರಣವೇನೆಂದು ಕೇಳುತ್ತದೆ.

ಕರ್ಮಗಳು ಎಂಟು, ಅವುಗಳಲ್ಲಿ ಆಯುಷ್ಯಕರ್ಮವೂ ಒಂದು. ಜೀವವು ಕಟ್ಟಿಕೊಂಡು ಬಂದ ಆಯುಷ್ಯ ಕ್ಷಣಕ್ಷಣಕ್ಕೂ ಉದಯಿಸಿ ಉದುರುತ್ತಿರುತ್ತದೆ. ಆದ್ದರಿಂದ ನಲವತ್ತು ತುಂಬಿತು ಎನ್ನುವಾಗ, ತುಂಬಿದ್ದಲ್ಲ, ನಲವತ್ತು ಕಳೆಯಿತು. ಹಾಗಾದರೆ ಹುಟ್ಟು ಶೋಕದ ವಿಷಯವೇ? ಅಲ್ಲ. ದೇವ, ಮನುಷ್ಯ, ತಿರ್ಯಂಚ, ನರಕ ಎಂಬ ನಾಲ್ಕು ಗತಿಗಳಲ್ಲಿ ಸಂಯಮವನ್ನು ಪೂರ್ಣವಾಗಿ ಪಾಲಿಸಿ ಮೋಕ್ಷ ಪಡೆಯಲು ಸಾಧ್ಯವಿರುವುದು ಮನುಷ್ಯಗತಿಯಲ್ಲಿ ಮಾತ್ರ. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಒಂದಾದ ಬೋಧಿದುರ್ಲಭ ಭಾವನೆ ನೆನಪಿಸುವುದು ಇದನ್ನೇ.

ಇಲ್ಲಿ ಓದುಗರು ಕೇಳಬಹುದು: ಚೈತ್ರ ಶುದ್ಧ ತ್ರಯೋದಶಿಯಂದು ನಾವು ಮಹಾವೀರ ಜಯಂತಿಯನ್ನು ಆಚರಿಸುತ್ತೇವೆ, ತೊಟ್ಟಿಲು ತೂಗುತ್ತೇವೆ, ಅದು ಹುಟ್ಟುಹಬ್ಬವಲ್ಲವೇ? ಹೌದು. ಆದರೆ ಶಾಸ್ತ್ರವು ಅದನ್ನು ಜನ್ಮಕಲ್ಯಾಣ ಎನ್ನುತ್ತದೆ. ಗರ್ಭ, ಜನ್ಮ, ದೀಕ್ಷೆ, ಕೇವಲಜ್ಞಾನ, ಮೋಕ್ಷ ಎಂಬ ಪಂಚಕಲ್ಯಾಣಗಳಲ್ಲಿ ಅದು ಎರಡನೆಯದು. ಆ ಹುಟ್ಟು ಕಲ್ಯಾಣವಾದದ್ದು ಅದು ಕೊನೆಯ ಹುಟ್ಟಾದ್ದರಿಂದ, ಅನೇಕ ಜೀವಿಗಳಿಗೆ ದಾರಿ ತೋರಿದ ಹುಟ್ಟಾದ್ದರಿಂದ.

ಆದಿತೀರ್ಥಂಕರ ಋಷಭದೇವನ ಜೀವನ ಇದನ್ನು ಇನ್ನೂ ಸ್ಪಷ್ಟಗೊಳಿಸುತ್ತದೆ. ದಿಗಂಬರ ಪರಂಪರೆಯಂತೆ ಅವನ ಜನ್ಮತಿಥಿಯೂ ದೀಕ್ಷಾತಿಥಿಯೂ ಒಂದೇ. ಉತ್ತರದವರ ಲೆಕ್ಕದಲ್ಲಿ ಅದು ಚೈತ್ರ ಕೃಷ್ಣ ನವಮಿ. ನಮ್ಮ ಪಂಚಾಂಗದಲ್ಲಿ ಫಾಲ್ಗುಣ ಬಹುಳ ನವಮಿ. ಎಂಬತ್ತನಾಲ್ಕು ಲಕ್ಷ ಪೂರ್ವಗಳ ಆಯುಷ್ಯದಲ್ಲಿ ಎಂಬತ್ತಮೂರು ಲಕ್ಷ ಕಳೆದಿದ್ದವು. ಆಗ ಇಂದ್ರನು ನೀಲಾಂಜನೆಯನ್ನು ಸಭೆಯಲ್ಲಿ ನರ್ತಿಸಲು ಕಳುಹಿದನು. ನರ್ತಿಸುತ್ತಿರುವಾಗಲೇ ಅವಳ ಆಯುಷ್ಯ ಮುಗಿದು ಮಿಂಚಿನಂತೆ ಮಾಯವಾದಳು. ರಸಭಂಗವಾಗದಂತೆ ಇಂದ್ರನು ಒಡನೆಯೇ ಅವಳಂತಹುದೇ ಮತ್ತೊಂದು ರೂಪವನ್ನು ನಿಲ್ಲಿಸಿದನು. ಸಭೆ ನೃತ್ಯವನ್ನು ನೋಡುತ್ತಲೇ ಇತ್ತು. ಒಂದು ಜೀವ ಹೋದದ್ದನ್ನು ಕಂಡವನು ಋಷಭದೇವನೊಬ್ಬನೇ. ಪಂಪನ ಆದಿಪುರಾಣ (ಕ್ರಿ.ಶ. 941) ಕನ್ನಡಿಗರ ಮನಸ್ಸಿನಲ್ಲಿ ಅಚ್ಚೊತ್ತಿರುವ ಪ್ರಸಂಗವಿದು.

ನಮ್ಮ ಹುಟ್ಟುಹಬ್ಬಗಳಲ್ಲೂ ನಡೆಯುವುದು ಇದೇ ಅಲ್ಲವೇ? ಕಳೆದ ವರ್ಷದ ಜಾಗದಲ್ಲಿ ಹೊಸ ವರ್ಷ ಬಂದು ನಿಲ್ಲುತ್ತದೆ. ನಾವು ಚಪ್ಪಾಳೆ ತಟ್ಟುತ್ತೇವೆ, ಹೋದದ್ದನ್ನು ಗಮನಿಸುವುದಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ನಮ್ಮ ಊರು ಇದನ್ನು ಬೇರೊಂದು ಬಗೆಯಲ್ಲಿ ಕಲಿತಿತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಚಿನ್ನ ತೆಗೆದ ಊರಿನಲ್ಲಿ, ಎಂದೂ ಮುಗಿಯದು ಎಂದುಕೊಂಡದ್ದು ಮುಗಿದಿತ್ತು.

ಋಷಭದೇವನಂತೆ ಎಲ್ಲವನ್ನೂ ತೊರೆಯುವುದು ಗೃಹಸ್ಥನಿಗೆ ಸುಲಭವಲ್ಲ. ಅವನಿಗೂ ಒಂದು ಮೆಟ್ಟಿಲಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತ್ಯಾಗವನ್ನು ಎರಡು ಬಗೆಯೆನ್ನುತ್ತಾರೆ: ಬದುಕಿರುವವರೆಗೂ ಪಾಲಿಸುವುದು ಯಮ, ಕಾಲದ ಮಿತಿಯಿಟ್ಟು ಪಾಲಿಸುವುದು ನಿಯಮ. ಒಂದು ಹುಟ್ಟುಹಬ್ಬದಿಂದ ಇನ್ನೊಂದಕ್ಕೆ ಇರುವ ಅವಧಿ ನಿಯಮಕ್ಕೆ ಹೇಳಿ ಮಾಡಿಸಿದ್ದು. ಒಂದು ವರ್ಷ ರಾತ್ರಿ ಉಣ್ಣುವುದಿಲ್ಲ, ಒಂದು ವರ್ಷ ಮನೆಯವರ ಮೇಲೆ ಕೂಗಾಡುವುದಿಲ್ಲ, ಗಳಿಕೆಯಲ್ಲಿ ಇಷ್ಟು ಭಾಗವನ್ನು ಔಷಧದಾನಕ್ಕೆ ಎತ್ತಿಡುತ್ತೇನೆ — ಹೀಗೆ ಒಂದನ್ನೇ ಹಿಡಿದರೆ ಸಾಕು. ಮುಂದಿನ ಹುಟ್ಟುಹಬ್ಬಕ್ಕೆ ಲೆಕ್ಕ ನೋಡಿದಾಗ ಕಳೆದ ವರ್ಷ ಬರಿದೇ ಕಳೆದಿರುವುದಿಲ್ಲ.

ಅಂದು ನನ್ನ ವಿದ್ಯಾರ್ಥಿಗೆ ಹೇಳಿದೆ: "ಅಪ್ಪಾ, ನಾನು ಬರೆದದ್ದು ಸುಳ್ಳು. ನಿನ್ನಲ್ಲಿ ಕ್ಷಮೆ ಕೇಳುತ್ತೇನೆ." ತಾಯಿಯ ಮಾತನ್ನೂ ಹೇಳಿದೆ. ಅವನು ಅದನ್ನು ಕೇಳಿಯೇ ಇರಲಿಲ್ಲ. ತಂದೆ ಈಗಿಲ್ಲ, ತಾಯಿಗೆ ವಯಸ್ಸಾಗಿದೆ. ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, "ಸಂಜೆ ಏಳಕ್ಕೆ ಕೇಕ್ ಇದೆ ಸಾರ್, ನೀವು ಆ ಹೊತ್ತಿಗೆ ಏನೂ ತಿನ್ನುವುದಿಲ್ಲವಲ್ಲ. ನಾಲ್ಕು ಗಂಟೆಗೇ ಊಟ ಇಟ್ಟುಕೊಳ್ಳುತ್ತೇನೆ, ಬನ್ನಿ" ಎಂದ.

ಹೋಗಿದ್ದೆ. ಅವನು ಮೊದಲ ತುತ್ತನ್ನು ತಾಯಿಗೆ ಕೊಟ್ಟು, "ಅಮ್ಮಾ, ನಾನು ಹುಟ್ಟಿದ ಬೆಳಿಗ್ಗೆ ಏನಾಯಿತು?" ಎಂದು ಕೇಳಿದ. ಆಕೆ ಹೇಳತೊಡಗಿದಳು. ನಿಮ್ಮ ಮನೆಯಲ್ಲೂ ಮುಂದಿನ ಹುಟ್ಟುಹಬ್ಬದಂದು ತಾಯಿಯಿದ್ದರೆ ಆ ಪ್ರಶ್ನೆಯನ್ನು ಕೇಳಿ. ಆಮೇಲೆ ನಿಮ್ಮ ನಿಯಮವನ್ನು ಆರಿಸಿಕೊಳ್ಳಿ.